ಬಿಚ್ಚಿಟ್ಟ ಹಸಿರು ತಂತಿ

ಕಲ್ಲೋಳಿ
೨೮ ಮೇ ೨೦೦೬, ಮಧ್ಯಾಹ್ನ

ಪ್ರೀತಿಯ ಇವರಿಗೆ,

ನಿಮ್ಮ ಮೇಘಾ ಮಾಡುವ ನಮಸ್ಕಾರಗಳು. ಹೇಗಿದ್ದೀರಿ? ಹೋದ ತಿಂಗಳು ಬಂದಾಗ ನಿಮ್ಮ ಕಾಲು ಬಾತಿದ್ದನ್ನು ನೋಡಿದ್ದೆ. ಕಾರ್ಖಾನೆಯಲ್ಲಿ ಲೇಥಿನ ಮುಂದೆ ದಿನವಿಡೀ ನಿಂತರೆ ಹಾಗಾಗುತ್ತದೆ ಎಂದು ನಕ್ಕುಬಿಟ್ಟಿರಿ. ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟು ಕೂರುತ್ತೀರೋ ಇಲ್ಲವೋ? ಕೊಲ್ಹಾಪುರದ ಮೆಸ್ಸಿನ ಬಾಯಿ ನಿಮಗೆಂದು ಬಟಾಟೆ, ಉಳ್ಳಾಗಡ್ಡಿ ಹಾಕದೆ ಬೇರೆ ಪಲ್ಯ ಮಾಡಿಕೊಡುತ್ತಾಳೋ, ಅಥವಾ ಅನ್ನಕ್ಕೆ ಮೊಸರು ಕಲಸಿಕೊಂಡು ಎದ್ದುಬಿಡುತ್ತೀರೋ? ಹೊತ್ತು ಮುಳುಗುವ ಮೊದಲು ಉಣ್ಣಲು ಆಗುವುದಿಲ್ಲ ಎಂದು ಅತ್ತೆಯವರ ಮುಂದೆ ಮಾತ್ರ ಹೇಳಬೇಡಿ. ಅವರು ಅದನ್ನೇ ಹಿಡಿದುಕೊಂಡು ವಾರಗಟ್ಟಲೆ ಕೊರಗುತ್ತಾರೆ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ಬರೆಯಲು ಕೈ ಹಿಂಜರಿಯುತ್ತಿದೆ. ಈ ಹೊತ್ತಿನವರೆಗೆ ಕ್ಷೇಮ, ಅಷ್ಟು ಬರೆಯಬಲ್ಲೆ. ಫೋನು ಮಾಡಿದಾಗ ಹೇಳಬಾರದಿತ್ತೇ ಎಂದು ನೀವು ಕೇಳುವಿರಿ. ಫೋನು ಪಡಸಾಲೆಯಲ್ಲಿ ಮಾವನವರ ಕುರ್ಚಿಯ ಪಕ್ಕದಲ್ಲಿದೆ. ನಾನು ರಿಸೀವರ್ ಹಿಡಿದ ಕೂಡಲೆ ಅತ್ತೆಯವರು ಬಾಗಿಲಲ್ಲಿ ಬಂದು ನಿಲ್ಲುತ್ತಾರೆ, ನಿಮ್ಮ ತಮ್ಮ ನಿತಿನ ಟಿವಿಯ ಸದ್ದು ಸಣ್ಣದು ಮಾಡುತ್ತಾನೆ. ಎಲ್ಲರೂ ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ನನ್ನ ಬಾಯಿಂದ "ಹೂಂ" ಮತ್ತು "ಆರಾಮ ಅದೀನ್ರಿ" ಎಂಬುದನ್ನು ಬಿಟ್ಟು ಏನೂ ಹೊರಡುವುದಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತು. ಹತ್ತರಗಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಸಾಲೆ ಕಲಿತೆ, ಆ ನಾಲ್ಕು ವರ್ಷವೂ ಮಾಸ್ತರರಿಗೆ ನನ್ನ ದನಿ ಹೇಗಿದೆಯೆಂದು ಗೊತ್ತಾಗಲಿಲ್ಲ. ಬರೆಯುವುದಾದರೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಕಟ್ಟಿದ ಯಂತ್ರ ಈಗ ನೀವು ಬಿಟ್ಟುಹೋದ ಹಾಗಿಲ್ಲ. ಫೋನಿನಲ್ಲಿ ನಿತಿನ ಸ್ವಲ್ಪ ಹೇಳಿರಬೇಕು. ನಿಡಸೋಸಿಯ ಕಾಲೇಜಿನಿಂದ ಸೂಟಿಗೆ ಬಂದವನು ಮರುದಿನವೇ ಹಿತ್ತಲಿನ ಶೆಡ್ಡಿಗೆ ಹೋಗಿ, ಗೋಕಾಕದ ಗುಜರಿಯಿಂದ ನೀವು ತಂದ ಕಬ್ಬಿಣದ ಚೌಕಟ್ಟು, ಅದರ ಮೇಲಿನ ಮೋಟರುಗಳು, ಇಷ್ಟನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಿ ನೆಲದ ಮೇಲೆ ಹರವಿದ. ನೀವು ವರ್ಷವಿಡೀ ಕೂತು ಬೆಸುಗೆ ಹಾಕಿದ ಹಳೆಯ ಬೋರ್ಡನ್ನು ರದ್ದಿ ಕಾಗದದಲ್ಲಿ ಸುತ್ತಿ ಮೂಲೆಗೆ ಇಟ್ಟ. ನೋಡಿ ನನಗೆ ಕೆಟ್ಟದೆನಿಸಿತು. ಅತ್ತೆಯವರು ಮಾತ್ರ ಇನ್ನೂ ಮನೆಗೆ ಬಂದವರನ್ನೆಲ್ಲ ಕೈಹಿಡಿದು ಕರೆದೊಯ್ದು, "ಕಂಪ್ಯೂಟರದಾಗ ಚಿತ್ರಾ ತಗದ್ರ ಇದು ತಾನ ಕಟ್ಟಗಿ ಮ್ಯಾಲ ಕೊರಿತೈತಿ ನೋಡ್ರಿ. ನಮ್ಮ ಧನ್ಯಾ ಖಾಲಿ ಕುಂತಾಗ ಮಾಡಿದ್ದು" ಎಂದು ತೋರಿಸುತ್ತಾರೆ. ಬಂದವರು ಇದರಿಂದ ಎಷ್ಟು ಉತ್ಪನ್ನ ಎಂದು ಕೇಳಿದರೆ, "ಉತ್ಪನ್ನ ಎಲ್ಲಿದವಾ, ಅಂವಗ ಹುಚ್ಚ" ಎಂದು ನಗುತ್ತಾರೆ. ಆ ನಗುವಿನಲ್ಲಿ ಎಷ್ಟು ಹೆಮ್ಮೆ ಎಂಬುದನ್ನು ನೀವು ನೋಡಬೇಕು.

ಹೊಸದರಲ್ಲಿ ಒಂದೊಂದು ಮೋಟರಿಗೂ ಒಂದೊಂದು ಬೇರೆ ಡಬ್ಬಿ. ಅದಕ್ಕೆ ನಿತಿನ ಡ್ರೈವರ್ ಎನ್ನುತ್ತಾನೆ. ಪುಣೆಯಿಂದ ಪಾರ್ಸಲ್ ತರಿಸಿದ. ವೈರು, ಕೆಂಪು ಟೋಪಿಯಂಥ ನಿಲ್ಲಿಸುವ ಬಟನ್ನು ಹುಕ್ಕೇರಿಯ ಅಂಗಡಿಯವು. ಕರಿ ಪರದೆಯ ಮೇಲೆ ಬಿಳಿ ಅಕ್ಷರ ಓಡುತ್ತಿದ್ದ ನಿಮ್ಮ ಹಳೆಯ ಕಂಪ್ಯೂಟರು ಹೋಗಿ ಬಣ್ಣದ ಪರದೆಯದು ಬಂದಿದೆ, ಅದರೊಳಗೆ ಹೊಸ ಸಾಫ್ಟ್‌ವೇರ್. ನೀವು ಕೊರೆಯುವ ಮೊದಲು ಪೆನ್ಸಿಲ್ ಕಟ್ಟಿ ಕಾಗದದ ಮೇಲೆ ಗೆರೆ ಎಳೆಸಿ ನೋಡುತ್ತಿದ್ದಿರಿ. ಈಗ ಅದು ಬೇಕಿಲ್ಲ, ಅಲಗು ಎಲ್ಲಿ ಹೋಗುತ್ತದೆ, ಎಷ್ಟು ಆಳ ಇಳಿಯುತ್ತದೆ ಎಂಬುದು ಮೊದಲೇ ಪರದೆಯ ಮೇಲೆ ಕಾಣುತ್ತದೆ. ಮೊದಲ ಸಲ ಚಾಲೂ ಮಾಡಿದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಹಳೆಯದು ನರಳುತ್ತ ಹೋಗುತ್ತಿತ್ತು, ನೀವು ಅಂಗೈ ಅಡ್ಡ ಹಿಡಿದರೆ ಪಾಪ, ಅಲ್ಲೇ ನಿಲ್ಲುತ್ತಿತ್ತು. ಇದು ನರಳುವುದಿಲ್ಲ. ಸರ್ರನೆ ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ಇಡೀ ಟೇಬಲ್ಲು ಅದುರುತ್ತದೆ. ನಾನು ಹಿಂದೆ ಸರಿದದ್ದನ್ನು ನೋಡಿ ನಿತಿನ, "ವೈನಿ, ಇದು ಮಷಿನ್ ರಿ, ಕಚ್ಚೂದಿಲ್ಲ. ನೀವು ಮಿಕ್ಸರಿಗೂ ಅಂಜತೀರಿ" ಎಂದ. ನಾನು ಮಿಕ್ಸರಿಗೆ ಅಂಜುವುದು ನಿಜ. ಆದರೆ ಈಗ ಬರೆಯುತ್ತಿರುವುದು ಅಂಥ ಅಂಜಿಕೆಯಲ್ಲ ಎಂದು ನೀವಾದರೂ ನಂಬಬೇಕು.

ಮಾವನವರಿಗೆ ಹೊಸ ಯಂತ್ರವೆಂದರೆ ಬಹಳ ಸಂತೋಷ. ಶ್ರುತಪಂಚಮಿಯ ದಿನ ಬಸದಿಯಲ್ಲಿ ಶಾಸ್ತ್ರಗ್ರಂಥಗಳನ್ನು ಇಟ್ಟು ಪೂಜಿಸುವ ಮೇಜಿಗೆ ಪಂಚನಮಸ್ಕಾರ ಮಂತ್ರ ಕೊರೆದ ಸಾಗವಾನಿ ಹಲಗೆಯನ್ನು ನಮ್ಮ ಮನೆಯಿಂದ ಕೊಡುತ್ತೇನೆ ಎಂದು ಎಲ್ಲರ ಮುಂದೆ ಹೇಳಿ ಬಂದಿದ್ದಾರೆ. ಹಬ್ಬಕ್ಕೆ ಇನ್ನು ಮೂರೋ ನಾಲ್ಕೋ ದಿನ. ಅಂದು ಮುಂಜಾನೆ ಸ್ನಾನ ಮಾಡಿ, ಒದ್ದೆ ಧೋತರದಲ್ಲೇ ಬಸದಿಗೆ ಹೋಗಿ ಅಭಿಷೇಕ ಮುಗಿಸಿ, ಹಾಗೆಯೇ ಬಂದು ಯಂತ್ರಕ್ಕೆ ಗಂಧೋದಕ ಚಿಮುಕಿಸಿ, ಒಂದು ಕೈಯಿಂದ ಹಲಗೆ ಮುಟ್ಟಿಕೊಂಡು ಇನ್ನೊಂದು ಕೈಯಿಂದ ಚಾಲೂ ಮಾಡುವ ಬಟನ್ನನ್ನು ತಾವೇ ಒತ್ತುವುದೆಂದು ನಿಶ್ಚಯ ಮಾಡಿದ್ದಾರೆ. "ಮಂತ್ರ ಕೊರಿಯೂದ ಐತಿ. ಶೆಡ್ಡಿನಾಗ ಆವತ್ತ ಯಾರ ಕಾಲಾಗೂ ಚಪ್ಪಲ ಇರಬಾರದು. ನಿತ್ಯಾ, ನಿಂದೂ ಸುದ್ಧಾ" ಎಂದು ಹೇಳಿಟ್ಟಿದ್ದಾರೆ. ನೀವು ಓದುತ್ತ ಓದುತ್ತ ಇಲ್ಲಿ ನಿಲ್ಲಬೇಕು. ಬರಿಗಾಲು, ಒದ್ದೆ ಬಟ್ಟೆ, ಒದ್ದೆ ನೆಲ, ಕಬ್ಬಿಣದ ಯಂತ್ರ. ಮುಂದಿನದನ್ನು ಓದಿದರೆ ನನಗೆ ಯಾಕೆ ಊಟ ಸೇರುತ್ತಿಲ್ಲ ಎಂಬುದು ತಿಳಿಯುತ್ತದೆ.

ನೀವು ಕೊಲ್ಹಾಪುರಕ್ಕೆ ಹೊರಡುವಾಗ ನನಗೆ ಒಪ್ಪಿಸಿದ ಕೆಲಸ ಒಂದೇ. ಶೆಡ್ಡಿನ ಹಿಂದೆ ಇದ್ದಿಲು, ಉಪ್ಪು ತುಂಬಿ ಪೈಪು ನೆಟ್ಟ ಅರ್ಥಿಂಗ್ ತಗ್ಗಿಗೆ ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಹಾಕಬೇಕು, ಯಂತ್ರದಿಂದ ಬಂದ ಹಸಿರು ತಂತಿ ಆ ಪೈಪಿಗೆ ಬಿಗಿಯಾಗಿರಬೇಕು. ನಾನು ಒಂದು ಸಲವೂ ತಪ್ಪಿಸಿರಲಿಲ್ಲ. ನಿತಿನ ಬರುವುದಕ್ಕೆ ಸ್ವಲ್ಪ ದಿನ ಮೊದಲು, ಕೊಡ ತೆಗೆದುಕೊಂಡು ಹೋದಾಗ ಪೈಪಿನ ಸುತ್ತ ಮಣ್ಣು ಕಾಣದಷ್ಟು ಕೆಂಪಿರುವೆ. ಮಳೆ ಬರುವ ಮುಂಚೆ ಮೊಟ್ಟೆ ಹೊತ್ತುಕೊಂಡು ತಂಪು ಹುಡುಕುತ್ತವಲ್ಲ, ನಮ್ಮ ತಗ್ಗಿನ ತಂಪಿಗೇ ಬಂದಿದ್ದವು. ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ. ಹಿಂದಿನಿಂದ ಮಾವನವರು ಬಂದರು. ಅವರು ನನ್ನೊಡನೆ ನೇರವಾಗಿ ಮಾತಾಡುವವರಲ್ಲ. ಚಹಾ ಬೇಕಾದರೂ ಗೋಡೆಯ ಕಡೆ ನೋಡಿ "ಚಾ ಆಗೇತೇನು ಕೇಳ್ರಿ" ಎನ್ನುವವರು. ಅಂದು ಮಾತ್ರ, "ಮೇಘವ್ವಾ, ಆ ನೀರ ಹಾಕಬ್ಯಾಡ ನಿಲ್ಲ. ನೋಡ, ತತ್ತಿ ಹೊತ್ಕೊಂಡ ಬಂದಾವು, ಬಸರ ಹೆಂಗಸರ ಇದ್ದಂಗ" ಎಂದರು. ನನ್ನ ಕೈಯಿಂದ ಕೊಡ ಇಸಿದುಕೊಂಡು ಪಕ್ಕಕ್ಕೆ ಇಟ್ಟರು.

ಅಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ಇರುವೆಗಳನ್ನು ನೋಡಿದರು. ಆಮೇಲೆ ಹೇಳಿದರು, "ಧನ್ಯಾನ ಹೇಳಿದ್ದ, ಮಷಿನ್ ಮೈಮ್ಯಾಲ ಬಂದ ಬ್ಯಾಡಾದ ಕರೆಂಟ್ ಈ ತಂತ್ಯಾಗ ಹಾದ ಮಣ್ಣಿಗಿ ಹೋಗತೈತಿ ಅಂತ. ಮಣ್ಣಾಗ ಯಾರ ಅದಾರ? ಇವ ಅದಾವಲ್ಲ. ನಮ್ಮ ಮಷಿನ್ ಸಲವಾಗಿ ಇವು ಯಾಕ ಸಾಯಬೇಕು?" ಶೆಡ್ಡಿನಿಂದ ಪಾನಾ ತಂದು ನಟ್ಟು ಸಡಿಲಿಸಿ ತಂತಿ ಬಿಚ್ಚಿದರು. ಬಿಚ್ಚಿದ ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಹಂಚಿನ ಸಂದಿಯಲ್ಲಿ ತುರುಕಿದರು. ಇರುವೆ ತುಳಿಯದ ಹಾಗೆ ಬೆರಳ ಮೇಲೆ ನಡೆದು ಬಂದರು. "ನಿತ್ಯಾಗ ಹೇಳಬ್ಯಾಡವಾ. ಅಂವ ಹುಡುಗ ಅದಾನ, ಮತ್ತ ಕಟ್ಟತಾನ. ಮಳಿಗಾಲ ಮುಗದ ಮ್ಯಾಲ ಇವು ತಾವ ಜಾಗಾ ಬಿಡತಾವು, ಆವಾಗ ನಾನ ಕಟ್ಟತೇನಿ" ಎಂದರು. ನಾನು ತಲೆಯಲ್ಲಾಡಿಸಿದೆ. ಈ ಮನೆಗೆ ಬಂದ ಮೇಲೆ ಅವರು ನನ್ನನ್ನು ನಂಬಿ ಹೇಳಿದ ಮೊದಲ ಮಾತು ಅದು. ಆಗ ಯಂತ್ರ ಬಂದ್ ಇತ್ತು, ನೀವಿರಲಿಲ್ಲ, ನಿತಿನ ಬಂದು ಎಲ್ಲ ಹೊಸದು ಹಾಕುತ್ತಾನೆಂದು ಯಾರಿಗೆ ಗೊತ್ತಿತ್ತು? ಅತ್ತೆಯವರಿಗೆ ಹೇಳಿದರೂ ನಿತಿನನಿಗೆ ಹೇಳಿದ ಹಾಗೆಯೇ, ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹೀಗಾಗಿ ಆ ಮಾತು ನನ್ನೊಬ್ಬಳ ಹೊಟ್ಟೆಯಲ್ಲೇ ಉಳಿಯಿತು.

ಹೊಸ ಬೋರ್ಡು ಹಾಕಿದ ಮೇಲೆ ಒಂದು ದಿನ ಕಟ್ಟಿಗೆಯ ಪುಡಿ ಒರೆಸಲು ಹೋದೆ. ಬಟ್ಟೆ ಒದ್ದೆ ಇತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಚೌಕಟ್ಟು ಮುಟ್ಟಿದ ಕೂಡಲೆ ಬೆರಳಿನಿಂದ ಮೊಣಕೈವರೆಗೆ ಜುಮ್ ಎಂದಿತು. ಕೈ ತೆಗೆದು ಮತ್ತೆ ಮುಟ್ಟಿದೆ, ಮತ್ತೆ ಜುಮ್. ನಿತಿನ ಮುಟ್ಟಿ, "ಏನೂ ಇಲ್ಲಲ್ರಿ" ಎಂದ. ಅವನ ಕಾಲಲ್ಲಿ ರಬ್ಬರಿನ ಚಪ್ಪಲಿ. ಟೆಸ್ಟರ್ ಹಚ್ಚಿ ನೋಡಿದ, ಸಣ್ಣಗೆ ಕೆಂಪು ದೀಪ ಹತ್ತಿತು. "ಹೊಸಾ ಪವರ್ ಸಪ್ಲೈ ಐತಲ್ರಿ ವೈನಿ, ಚೂರ ಸೋರತೈತಿ. ಎಲ್ಲಾ ಅರ್ಥಿಂಗಿಗಿ ಹೋಗತೈತಿ ಬಿಡ್ರಿ, ಅಣ್ಣಾ ಮಾಡಿದ ಅರ್ಥಿಂಗ್ ಅದು, ಗಟ್ಟಿ ಐತಿ" ಎಂದ. ಶೆಡ್ಡಿನ ಒಳಗಿನಿಂದ ನೋಡಿದರೆ ಹಸಿರು ತಂತಿ ಯಂತ್ರದಿಂದ ಹೊರಟು ಗೋಡೆಯ ತೂತಿನಲ್ಲಿ ಹೋಗುವುದು ಕಾಣುತ್ತದೆ. ಆಚೆ ಏನಾಗಿದೆಯೆಂದು ಅವನು ಯಾಕೆ ನೋಡುತ್ತಾನೆ? ನಿಮ್ಮ ಮೇಲಿನ ನಂಬಿಕೆಯಿಂದ ಅವನು ಹಾಗೆ ಹೇಳಿದ. ನಾನು ಒದ್ದೆ ಬಟ್ಟೆ ಹಿಡಿದುಕೊಂಡು ಹೊರಗೆ ಬಂದೆ. ಮಾವನವರು ಅಂಗಳದಲ್ಲಿ ಕೂತು ಹಾಲಿಗೆ ಬಿದ್ದ ನೊಣವನ್ನು ಕಡ್ಡಿಯಿಂದ ಎತ್ತಿ ಬಿಸಿಲಿಗೆ ಇಡುತ್ತಿದ್ದರು.

ಆಮೇಲೆ ಯಂತ್ರ ತಾನಾಗಿಯೇ ಆಟ ಶುರು ಮಾಡಿತು. ಸುಮ್ಮನೆ ನಿಂತುಬಿಡುವುದು, ತುದಿಗೆ ಮುಟ್ಟಿಯೇ ಇಲ್ಲದಿದ್ದರೂ ತುದಿ ಮುಟ್ಟಿತೆಂದು ಪರದೆಯ ಮೇಲೆ ತೋರಿಸುವುದು. ನಿತಿನ ಹಗಲೆಲ್ಲ ಸಾಫ್ಟ್‌ವೇರಿನಲ್ಲಿ ಅಂಕಿ ಬದಲಿಸುತ್ತಾನೆ, ತೆಗೆದು ಮತ್ತೆ ಹಾಕುತ್ತಾನೆ, ಗೆಳೆಯರಿಗೆ ಫೋನು ಮಾಡುತ್ತಾನೆ. ಹೋದ ಗುರುವಾರ ಹಳೆಯ ಹಲಗೆಯೊಂದರ ಮೇಲೆ ಅಕ್ಷರ ಕೊರೆಸಿ ನೋಡುತ್ತಿದ್ದ. ತೋಟದ ತ್ರೀ ಫೇಸ್ ಲೈನಿಗೆ ಕರೆಂಟು ಬಂದು ಬೋರಿನ ಮೋಟರು ಚಾಲೂ ಆಯಿತು. ಆ ಕ್ಷಣಕ್ಕೆ ಪರದೆಯ ಮೇಲಿನ ಅಂಕಿ ಒಂದು ಕಡೆ, ಯಂತ್ರ ಇನ್ನೊಂದು ಕಡೆ. ಅಲಗು ಅಕ್ಷರ ಬಿಟ್ಟು ಹಲಗೆಯನ್ನು ಸೀಳಿಕೊಂಡು ಕಬ್ಬಿಣದ ಅಂಚಿನವರೆಗೆ ಹೋಯಿತು. ನಿತಿನ ಕೆಂಪು ಬಟನ್ ಒತ್ತಿದ, ನಿಲ್ಲಲಿಲ್ಲ. ಓಡಿಹೋಗಿ ಗೋಡೆಯ ಸ್ವಿಚ್ಚು ತೆಗೆದ. ಅಷ್ಟರಲ್ಲಿ ಅಲಗು ಮುರಿದು ಚೂರು ಹಾರಿ ಕಿಟಕಿಯ ಕಟ್ಟಿಗೆಯಲ್ಲಿ ನೆಟ್ಟಿತ್ತು. ಒಂದು ಉಸಿರಿನಷ್ಟು ಹೊತ್ತಿನ ಮೊದಲು ಅವನ ಮುಖ ಅಲ್ಲಿತ್ತು. ಅವನು ಬಿಳಿಚಿಕೊಂಡು, "ಅವ್ವಾಗ ಹೇಳಬ್ಯಾಡ್ರಿ ವೈನಿ" ಎಂದ. ನೋಡಿರಿ, ಈ ಮನೆಯಲ್ಲಿ ಎಲ್ಲರೂ ನನಗೇ ಹೇಳಬೇಡ ಎನ್ನುತ್ತಾರೆ. ಬಾಯಿಲ್ಲದವಳೆಂದು ಎಲ್ಲರಿಗೂ ಗೊತ್ತು.

ಇನ್ನೊಂದು ಇದೆ, ಅದು ಇದಕ್ಕಿಂತ ಕೆಟ್ಟದ್ದು. ಕೊರೆಯುವ ಮೋಟರಿನ ಕರಿ ವೈರು ಮೇಲಿನಿಂದ ಇಳಿಬಿದ್ದಿದೆಯಲ್ಲ, ಹಳೆಯ ಯಂತ್ರ ನಿಧಾನವಾಗಿದ್ದಾಗ ಅದೂ ನಿಧಾನವಾಗಿ ತೂಗುತ್ತಿತ್ತು. ಈಗಿನ ವೇಗಕ್ಕೆ ಅದು ಚೌಕಟ್ಟಿನ ಅಂಚಿಗೆ ತಿಕ್ಕಿ ತಿಕ್ಕಿ ಮೇಲಿನ ಸಿಪ್ಪೆ ಹೋಗಿ ಒಳಗಿನ ತಾಮ್ರ ಕಂಡಿತು. ಮೊನ್ನೆ ಶೆಡ್ಡು ಒರೆಸಿ, ಕೈಯಲ್ಲಿದ್ದ ಸ್ಟೀಲಿನ ಬೋಗುಣಿಯನ್ನು ಯಂತ್ರದ ಕಾಲಿಗೆ ತಾಗಿಸಿದೆ ಅಷ್ಟೇ. ಯಾರೋ ಭುಜಕ್ಕೆ ಒದ್ದ ಹಾಗಾಯಿತು. ಬೋಗುಣಿ ಬಾಗಿಲಾಚೆ ಹೋಗಿ ಬಿತ್ತು, ನಾನು ಕಟ್ಟಿಗೆಯ ರಾಶಿಯ ಮೇಲೆ ಕೂತಿದ್ದೆ. ಯಾರೂ ಇರಲಿಲ್ಲ. ಹೊತ್ತು ಮುಳುಗುವವರೆಗೂ ಬಲಗೈ ಮರಗಟ್ಟಿತ್ತು, ರೊಟ್ಟಿ ಬಡಿಯುವಾಗ ತಾಳ ತಪ್ಪುತ್ತಿತ್ತು. ಅತ್ತೆಯವರಿಗೆ ಹೇಳಿದೆ, ಮಷಿನ್ ಜೋರಾಗಿ ಹೊಡೆಯುತ್ತಿದೆ, ಮಾವನವರಿಗೆ ಬಟನ್ ಒತ್ತಲು ಬಿಡಬೇಡಿ ಎಂದೆ. ಅವರು ನಕ್ಕು, "ನಿನಗ ಜುಮ್ ಅನ್ನೂದು ಹೊಸಾದೇನ? ಮದವಿ ಆದ ಹೊಸದಾಗ ಟಿವಿ ಬಟನ್ ಒತ್ತಾಕ ಕೋಲ ತಗೊಂಡ ನಿಂತಿದ್ದಿ" ಎಂದರು. ಆದರೂ ಪಡಸಾಲೆಗೆ ಹೋಗಿ ಹೇಳಿದರು, ಅದಕ್ಕೆ ನಾನು ಅವರನ್ನು ದೂರುವುದಿಲ್ಲ. ಮಾವನವರು, "ನನ್ನ ಕೈಗೆ ಎಂದೂ ಹತ್ತಿಲ್ಲಲ್ಲ. ಹುಡಿಗಿ ಅಂಜತಾಳ" ಎಂದದ್ದು ಅಡಿಗೆಮನೆಗೆ ಕೇಳಿಸಿತು. ಅವರು ಶೆಡ್ಡಿಗೆ ಹೋಗುವಾಗ ಯಾವಾಗಲೂ ಟೈರಿನ ಚಪ್ಪಲಿ. ಅದಿಲ್ಲದೆ ಹೋಗುವುದು ಹಬ್ಬದ ದಿನ ಮಾತ್ರ. ನಿತಿನ ವೈರಿಗೆ ಕರಿ ಟೇಪು ಸುತ್ತಿದ್ದಾನೆ. ಯಂತ್ರ ಚಾಲೂ ಆದ ಕೂಡಲೆ ಆ ಟೇಪು ಮತ್ತೆ ಅದೇ ಅಂಚಿಗೆ ತಿಕ್ಕುತ್ತದೆ. ನಾನು ನೋಡಿದ್ದೇನೆ.

ನನಗೆ ಕರೆಂಟಿನ ವಿಷಯ ತಿಳಿಯುವುದಿಲ್ಲ. ಹಸಿರು ತಂತಿ ಕಟ್ಟಿದರೆ ಎಲ್ಲ ಸರಿಹೋಗುತ್ತದೆಯೋ, ಅಥವಾ ಇದು ಬೇರೆಯೇ ಏನೋ ಆಗಿ ನಾನು ಸುಮ್ಮನೆ ಮಾವನವರ ಮೇಲೆ ಹೊರಿಸುತ್ತಿದ್ದೇನೋ ಎಂದು ಮನಸ್ಸು ಹಿಂದೆಮುಂದೆ ಆಡುತ್ತದೆ. ಹಂಚಿನ ಸಂದಿಯಿಂದ ತಂತಿ ತೆಗೆದು ನಾನೇ ಕಟ್ಟಿಬಿಡೋಣವೆಂದು ನಿನ್ನೆ ಪಾನಾ ಹಿಡಿದುಕೊಂಡು ಹಿಂದೆ ಹೋಗಿದ್ದೆ. ತಗ್ಗಿನ ತುಂಬ ಇರುವೆ. ಪೈಪಿನ ಹತ್ತಿರ ಕಾಲಿಡಲು ಜಾಗವಿಲ್ಲ. ಮಾವನವರು ಅವುಗಳಿಗೆ ಬಿಸಿಲು ತಾಗದಿರಲೆಂದು ಒಂದು ಹಳೆಯ ಬುಟ್ಟಿ ಕವುಚಿ ಇಟ್ಟಿದ್ದರು. ಹಾಗೇ ತಿರುಗಿ ಬಂದೆ. ಅವರು ಹಠದವರು, ನೀವೂ ಬಲ್ಲಿರಿ. ಜೀವದಯೆಯ ವಿಷಯದಲ್ಲಿ ಯಾರ ಮಾತೂ ಕೇಳುವುದಿಲ್ಲ. ಅಂಥವರಿಗೇ ಏನಾದರೂ ಆದರೆ, ಅದೂ ಮಂತ್ರ ಕೊರೆಯುವ ಹೊತ್ತಿನಲ್ಲಿ, ನಿತಿನನ ಕಣ್ಣೆದುರಿಗೆ, ಗೊತ್ತಿದ್ದೂ ನಾನು ಸುಮ್ಮನಿದ್ದೆ ಎಂದಾದರೆ, ನಾನು ಮುಂದೆ ನಿಮ್ಮ ಮುಖ ಹೇಗೆ ನೋಡಲಿ? ಕಣ್ಣು ಮುಚ್ಚಿದರೆ ಒದ್ದೆ ಧೋತರ ಕಾಣುತ್ತದೆ.

ನೀವು ಬರಲೇಬೇಕು ಎಂದು ಬರೆಯುವುದಿಲ್ಲ, ಸೂಟಿ ಸಿಗುವುದು ಕಷ್ಟವೆಂದು ಬಲ್ಲೆ. ಈ ಪತ್ರವನ್ನು ಕಲ್ಲೋಳಿಯಿಂದ ಕೊಲ್ಹಾಪುರಕ್ಕೆ ತರಕಾರಿ ಒಯ್ಯುವ ಯಲ್ಲಾರಿಯ ಕೈಯಲ್ಲಿ ಕೊಡುತ್ತೇನೆ. ನಾಳೆ ಮಧ್ಯಾಹ್ನ ಅವನ ಗಾಡಿ ಹೊರಡುತ್ತದೆ, ಸಂಜೆಗೆ ನಿಮ್ಮ ಕೈಸೇರುತ್ತದೆ. ಓದಿದ ಕೂಡಲೆ ಮನೆಗೆ ಫೋನು ಮಾಡಿರಿ. ನಿಮಗೇ ತಾನಾಗಿ ಹೊಳೆದ ಹಾಗೆ, ಅರ್ಥಿಂಗ್ ನೋಡದೆ ಯಂತ್ರ ಚಾಲೂ ಮಾಡಬೇಡ ಎಂದು ನಿತಿನನಿಗೆ ಹೇಳಿರಿ. ನನ್ನ ಹೆಸರು ಬೇಡ. ಮಾವನವರಿಗೆ ನಾನು ಮಾತು ತಪ್ಪಿದೆ ಎಂದು ಅನಿಸಬಾರದು. ಅತ್ತೆಯವರು ನಿಮಗೆಂದು ಶೇಂಗಾ ಹೋಳಿಗೆ ಕಟ್ಟಿಕೊಡುತ್ತಿದ್ದಾರೆ, ಯಲ್ಲಾರಿಯಿಂದ ಎಣಿಸಿ ತೆಗೆದುಕೊಳ್ಳಿ, ದಾರಿಯಲ್ಲಿ ಅವನ ಕೈ ಸುಮ್ಮನಿರುವುದಿಲ್ಲ. ಕಾಲಿಗೆ ಬಿಸಿನೀರು ಮರೆಯಬೇಡಿ.

ಹಿರಿಯರ ಆಶೀರ್ವಾದ ನಿಮ್ಮನ್ನು ದೂರದಲ್ಲೂ ಕಾಯಲಿ. ಅತ್ತೆಯವರು ನಿಮ್ಮನ್ನು ಹರಸಿದ್ದಾರೆ, ನಿತಿನ ನಮಸ್ಕಾರ ಹೇಳಿದ್ದಾನೆ. ಮಾವನವರು ಏನೂ ಹೇಳಿಲ್ಲ, ಆದರೆ ನಿಮ್ಮ ಫೋನು ಬರುವ ಹೊತ್ತಿಗೆ ಕುರ್ಚಿ ಬಿಟ್ಟು ಏಳುವುದಿಲ್ಲ.

ನಿಮ್ಮವಳೇ ಆದ
ಮೇಘಾ

ತಾ.ಕ.

ಸಂಜೆ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸಿರಿ. ಪತ್ರ ಮಡಚಿ ಲಕೋಟೆಗೆ ಹಾಕಿದ್ದೆ. ಊಟವಾದ ಮೇಲೆ ಬಸದಿಯ ಉಪಾಧ್ಯೆಯವರು ಬಂದು, ಹಬ್ಬದ ದಿನ ಕೊರೆದರೆ ಎಣ್ಣೆ ಹಚ್ಚಿ ಒಣಗಿಸಲು ಹೊತ್ತು ಸಾಲುವುದಿಲ್ಲ, ನಾಳೆಯೇ ಕೊರೆಸಿರಿ ಎಂದರು. ಮಾವನವರು ಒಪ್ಪಿದರು. ನಾಳೆ ಮುಂಜಾನೆ, ಅಭಿಷೇಕ ಮುಗಿದ ಕೂಡಲೆ. ಯಲ್ಲಾರಿಯ ಗಾಡಿ ಹೊರಡುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಈ ಪತ್ರದಿಂದ ನಿಮಗೆ ಮಾಡಲು ಏನೂ ಉಳಿಯುವುದಿಲ್ಲ.

ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಒಂದು ಮಾತು ಹೊಳೆಯಿತು. ನಾನು ತಲೆಯಲ್ಲಾಡಿಸಿದ್ದು ನಿತಿನನಿಗೆ ಹೇಳುವುದಿಲ್ಲ ಎಂದು. ಮಾವನವರಿಗೇ ಹೇಳಬಾರದೆಂದು ಯಾರೂ ನನ್ನಿಂದ ಮಾತು ತೆಗೆದುಕೊಂಡಿಲ್ಲ. ಆದ್ದರಿಂದ ಈ ಪತ್ರವನ್ನು ನಿಮಗಿಂತ ಮೊದಲು ಅವರು ಓದಲಿ. ಎದ್ದ ಕೂಡಲೆ ಅವರ ಕೈ ಹೋಗುವುದು ಗೋಡೆಯ ಗೂಡಿನಲ್ಲಿರುವ ಚಾಳೀಸಿನ ಕನ್ನಡಕಕ್ಕೆ. ಅದರ ಕೆಳಗೆ ಇಡುತ್ತೇನೆ. ನಿಮಗೆಂದು ಬರೆದ ಮಾತು, ಅವರು ಹಠದವರೆಂದು ಬರೆದ ಮಾತು, ಎಲ್ಲ ಇದರಲ್ಲೇ ಇವೆ. ಹೊಡೆದುಹಾಕಲು ಪೆನ್ನು ಎತ್ತಿದೆ, ಆಮೇಲೆ ಬಿಟ್ಟೆ. ಹೊಡೆದದ್ದನ್ನು ಕಂಡರೆ ಇನ್ನೂ ಏನೋ ಮುಚ್ಚಿಟ್ಟಿದ್ದಾಳೆ ಎಂದುಕೊಂಡಾರು. ನಿಮಗೆ ಇದನ್ನು ಆಮೇಲೆ ಅವರೇ ಕಳಿಸಲಿ.

ಮಾವನವರೇ, ಇನ್ನು ಮುಂದಿನದು ನಿಮಗೆ. ಇರುವೆಗಳಿಗೆ ತೊಂದರೆಯಾಗದೆ ಆ ತಂತಿಯನ್ನು ಬೇರೆ ಎಲ್ಲಿ ಕಟ್ಟಬಹುದೆಂದು ನಿತಿನನನ್ನು ಕೇಳಿರಿ, ಅವನು ಏನಾದರೂ ದಾರಿ ತೆಗೆಯುತ್ತಾನೆ. ಅಲ್ಲಿಯವರೆಗೆ ನೀವು ಯಂತ್ರ ಮುಟ್ಟಬಾರದು, ಅವನಿಗೂ ಮುಟ್ಟಲು ಬಿಡಬಾರದು. ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ನಾಳೆ ಬಚ್ಚಲಿಗೆ ಹೋದರೆ ಹಂಡೆ ಬರಿದಾಗಿರುತ್ತದೆ. ಸಣ್ಣ ಜೀವಗಳು ಇರುತ್ತವೆಂದು ಸೋಸದ ನೀರನ್ನು ನೀವು ಮೈಮೇಲೆ ಹಾಕಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತು. ಅಭಿಷೇಕಕ್ಕೆ ಸ್ನಾನವಿಲ್ಲದೆ ಹೋಗುವುದಿಲ್ಲ ಎಂದೂ ಗೊತ್ತು. ನೀರು ಸೋಸುವ ಬಟ್ಟೆಗಳೆಲ್ಲ ನನ್ನ ಹತ್ತಿರ ಇವೆ. ನಾನು ಬಾವಿಯ ಕಟ್ಟೆಯ ಮೇಲೆ ಕೂತಿರುತ್ತೇನೆ. ಇದನ್ನು ಪೂರ್ತಿ ಓದಿ ಕರೆಯಿರಿ, ಆಮೇಲೆ ಸೋಸುತ್ತೇನೆ.